ಅಮೆರಿಕದಲ್ಲಿ ಸಣ್ಣ ಡೀಸೆಲ್ ಪಿಕಪ್ ಏಕೆ ಸಿಗುವುದಿಲ್ಲ? ಸಿಕ್ಕಿದರೂ ಕೊಳ್ಳಬೇಕೆ?

ಪ್ರಶ್ನೆ: ನಾನಿರುವುದು ಒಹಾಯೊದ ಕೊಲಂಬಸ್ ಹತ್ತಿರ. ಊರು ಸಕಲೇಶಪುರದ ಕಡೆ. ಅಲ್ಲಿ ಚಿಕ್ಕಪ್ಪನ ತೋಟದ ಡೀಸೆಲ್ ಪಿಕಪ್ ಕಾಫಿ ಮೂಟೆ ಹೊತ್ತು ಓಡಾಡಿದರೂ ಲೀಟರಿಗೆ 12–13 ಕಿ.ಮೀ. ಕೊಡುತ್ತದೆ. ಇಲ್ಲಿ ನನ್ನ 5.3 ಲೀಟರ್ ವಿ8 ಪೆಟ್ರೋಲ್ ಷೆವರ್ಲೆ ಸಿಲ್ವರಾಡೊ ಪಿಕಪ್ ಗ್ಯಾಲನ್‌ಗೆ 18 ಮೈಲಿ ದಾಟುವುದಿಲ್ಲ. ಟೊಯೋಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್ ಥರದ ಗಾಡಿ ಇಲ್ಲಿ ಯಾವ ಷೋರೂಮಿನಲ್ಲೂ ಇಲ್ಲ. ತೈಲ ಕಂಪನಿಗಳೇ ತಡೆದಿವೆ ಅನ್ನುತ್ತಾರೆ, ನಿಜವೆ? ಥಾಯ್ಲೆಂಡಿನಿಂದ ಒಂದನ್ನು ತರಿಸಿಕೊಳ್ಳಬಹುದೆ? ಇಲ್ಲವಾದರೆ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಇಕೋಡೀಸೆಲ್, ಕೊಲರಾಡೊ 2.8 ಡೀಸೆಲ್, ಸಿಲ್ವರಾಡೊ 3.0 ಡ್ಯೂರಾಮ್ಯಾಕ್ಸ್, ಈ ಮೂರರಲ್ಲಿ ಯಾವುದು ವಾಸಿ? ಆಫೀಸು 9 ಮೈಲಿ ದೂರ. ವರ್ಷಕ್ಕೆ ಸುಮಾರು 12,000 ಮೈಲಿ ಓಡಿಸುತ್ತೇನೆ. ತಿಂಗಳಿಗೆ ಎರಡು ಸಲ ಟ್ರೇಲರಿನಲ್ಲಿ ಸಣ್ಣ ಟ್ರ್ಯಾಕ್ಟರ್ ಒಯ್ಯುವುದಿದೆ. ಒಬ್ಬ ಡೀಲರ್ "ಇದು ಡಿಲೀಟ್ ಮಾಡಿದ ಗಾಡಿ, ತಲೆನೋವೇ ಇಲ್ಲ" ಎಂದು ಒಂದನ್ನು ತೋರಿಸಿದರು. ಅದನ್ನು ನಂಬಬಹುದೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ: ಆ ಗಾಡಿ ಇಲ್ಲಿ ಏಕಿಲ್ಲ, ತರಿಸಬಹುದೆ, ಇಲ್ಲಿಯ ಡೀಸೆಲ್ ನಿಮಗೆ ಹೊಂದುತ್ತದೆಯೆ. ಮೊದಲನೆಯದಕ್ಕೆ ಉತ್ತರ ಹುಡುಕಲು ತೈಲ ಕಂಪನಿಗಳ ಒಳಸಂಚಿನವರೆಗೆ ಹೋಗಬೇಕಿಲ್ಲ. ಗಾಡಿಯನ್ನು ತಡೆದಿರುವುದು 1964ರಿಂದ ಜಾರಿಯಲ್ಲಿರುವ ಒಂದು ಆಮದು ಸುಂಕ. ಎಂಜಿನ್ನನ್ನು ತಡೆದಿರುವುದು ಹೊಗೆಯ ನಿಯಮ. ಎರಡನ್ನೂ ದಾಟಿ ಬಂದ ಕೆಲವು ಗಾಡಿಗಳು ನಿಲ್ಲದೆ ಹೋಗಲು ಕಾರಣ ಬಂಕಿನಲ್ಲಿ ಡೀಸೆಲ್‌ಗೆ ಇರುವ ದರ. ಆದರೆ ನೀವು ಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಈ ಮೂರರಲ್ಲಿ ಯಾವುದೂ ಅಲ್ಲ, ನಿಮ್ಮ ಆ 9 ಮೈಲಿಯ ಆಫೀಸು ದಾರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮೈಲೇಜನ್ನು ಒಂದೇ ಅಳತೆಗೆ ತಂದುಕೊಳ್ಳೋಣ. ಈ ವಿಷಯದ ಅರ್ಧ ಗೊಂದಲ ಇರುವುದೇ ಇಲ್ಲಿ. ಬ್ರಿಟನ್ನಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785 ಲೀಟರ್. ಬ್ರಿಟನ್ನಿನಲ್ಲಿ "ಗ್ಯಾಲನ್‌ಗೆ 40 ಮೈಲಿ" ಎಂದು ಬರೆದದ್ದು ಇಲ್ಲಿಯ ಲೆಕ್ಕದಲ್ಲಿ 33. ಇನ್ನು ಪರೀಕ್ಷೆಯ ವಿಧಾನ. ಭಾರತದ ಪರೀಕ್ಷೆಯಲ್ಲಿ ಗಾಡಿಯ ವೇಗ ಗಂಟೆಗೆ 90 ಕಿ.ಮೀ. ಮೀರುವುದಿಲ್ಲ, ವೇಗ ಏರಿಸುವುದೂ ಮೆಲ್ಲಗೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2008ರ ಮಾದರಿಗಳಿಂದೀಚೆಗೆ ಐದು ಬಗೆಯ ಪರೀಕ್ಷೆಗಳನ್ನು ಆಧಾರವಾಗಿಟ್ಟುಕೊಂಡಿದೆ. ಅದರಲ್ಲಿ ಗಂಟೆಗೆ 80 ಮೈಲಿ ಮುಟ್ಟುವ ಓಟವಿದೆ, ಎ.ಸಿ. ಹಾಕಿಕೊಂಡ ಓಟವಿದೆ, ಮೈನಸ್ 7 ಡಿಗ್ರಿ ಚಳಿಯಲ್ಲಿ ತಣ್ಣಗಿನ ಎಂಜಿನ್ ಚಾಲೂ ಮಾಡಿ ಓಡಿಸುವುದೂ ಇದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ತೋಟದ ರಸ್ತೆಯಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೋಗುವ ಅದೇ ಚೌಕಾಕಾರದ ಪಿಕಪ್ಪನ್ನು ಇಂಟರ್‌ಸ್ಟೇಟ್‌ನಲ್ಲಿ 120ರಲ್ಲಿ ಓಡಿಸಿದರೆ ನಿಮ್ಮ ಚಿಕ್ಕಪ್ಪನ 12–13 ಉಳಿಯುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ದೇಶದ್ದೇ ಇದೆ. ಮಹೀಂದ್ರ ಕಂಪನಿ ಸ್ಕಾರ್ಪಿಯೊ ತಳಹದಿಯ ಪಿಕಪ್ಪನ್ನು 2.2 ಲೀಟರ್ ಡೀಸೆಲ್ ಎಂಜಿನ್ ಇಟ್ಟು ಅಮೆರಿಕದಲ್ಲಿ ಮಾರಲು ವರ್ಷಗಟ್ಟಲೆ ತಯಾರಿ ನಡೆಸಿತ್ತು. ಗ್ಯಾಲನ್‌ಗೆ 30 ಮೈಲಿ ಕೊಡುತ್ತದೆ ಎಂಬ ನಿರೀಕ್ಷೆ ಇತ್ತು. 2010ರಲ್ಲಿ ಇಪಿಎ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಅಧಿಕೃತ ಮೈಲೇಜ್ ಬಂದದ್ದು ನಗರದಲ್ಲಿ 19, ಹೆದ್ದಾರಿಯಲ್ಲಿ 21. ಅಂದರೆ ಲೀಟರಿಗೆ 8ರಿಂದ 9 ಕಿ.ಮೀ. ಆಮೇಲೆ ಇಲ್ಲಿಯ ವಿತರಕರೊಂದಿಗೆ ವ್ಯಾಜ್ಯವಾಗಿ ಗಾಡಿ ಮಾರಾಟಕ್ಕೇ ಬರಲಿಲ್ಲ. ಮಹೀಂದ್ರದವರಿಗೆ ಎಂಜಿನ್ ಮಾಡಲು ಬರಲಿಲ್ಲ ಅಂತಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಇಲ್ಲಿಯ ಹೊಗೆ ನಿಯಮಕ್ಕೆ ಹೊಂದಿಸಿದ ಎಂಜಿನ್, ಇಲ್ಲಿಯ ಪರೀಕ್ಷೆ ಇಷ್ಟೂ ಸೇರಿದಾಗ ಮೈಲೇಜ್ ಹೀಗೆ ಕರಗುತ್ತದೆ.

ಕೋಳಿಯಿಂದ ಬಂದ ಸುಂಕ

1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಯುರೋಪಿಗೆ ನುಗ್ಗಿತು. ಪಶ್ಚಿಮ ಜರ್ಮನಿ, ಫ್ರಾನ್ಸ್ ಅದರ ಮೇಲೆ ಸುಂಕ ಏರಿಸಿದವು. ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿ ಬ್ರಾಂದಿ, ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್‌ಗಳ ಸುಂಕ ಏರಿಸಿ, ಹಗುರ ಟ್ರಕ್‌ಗಳ ಮೇಲೆ ಶೇ 25ರಷ್ಟು ಸುಂಕ ಹಾಕಿದರು. ಗುರಿ ಇದ್ದದ್ದು ಫೋಕ್ಸ್‌ವ್ಯಾಗನ್ ವ್ಯಾನು, ಪಿಕಪ್‌ಗಳ ಮೇಲೆ. ಕೋಳಿ ಜಗಳ ಎಂದೋ ಮುಗಿಯಿತು, ಟ್ರಕ್ ಸುಂಕ ಮಾತ್ರ ಉಳಿದುಕೊಂಡಿತು. ಕಾರಿಗೆ ಶೇ 2.5 ಇದ್ದ ಕಾಲದಲ್ಲೂ ಪಿಕಪ್‌ಗೆ ಶೇ 25. 2025ರಲ್ಲಿ ಆಮದು ವಾಹನಗಳ ಮೇಲೆ ಇನ್ನೊಂದು ಸುತ್ತಿನ ಸುಂಕ ಬೇರೆ ಬಂತು.

ಈ ಸುಂಕ ತಪ್ಪಿಸಲು ಕಂಪನಿಗಳು ಪಟ್ಟ ಪಾಡು ನೋಡಿದರೆ ಅದರ ಭಾರ ಎಷ್ಟೆಂದು ತಿಳಿಯುತ್ತದೆ. ಜಪಾನಿನವರು ಮೊದಲು ಕ್ಯಾಬಿನ್ ಮತ್ತು ಚಾಸಿ ಮಾತ್ರ ತಂದು, ಹಿಂದಿನ ತೊಟ್ಟಿಯನ್ನು ಇಲ್ಲಿ ಕೂರಿಸುತ್ತಿದ್ದರು. 1980ರಲ್ಲಿ ಆ ದಾರಿ ಮುಚ್ಚಿತು. ಫೋರ್ಡ್ ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನಿಗೆ ಹಿಂದಿನ ಸೀಟು, ಕಿಟಕಿ ಹಾಕಿಸಿ ಪ್ರಯಾಣಿಕರ ಗಾಡಿ ಎಂದು ಹಡಗಿನಲ್ಲಿ ತರಿಸಿ, ಸುಂಕದ ಕಟ್ಟೆ ದಾಟಿದ ಮೇಲೆ ಅವನ್ನು ಕಿತ್ತು ಸರಕಿನ ವ್ಯಾನ್ ಮಾಡಿ ಮಾರುತ್ತಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಹೈಲಕ್ಸ್, ಡಿ-ಮ್ಯಾಕ್ಸ್‌ಗಳ ದೊಡ್ಡ ಕಾರ್ಖಾನೆಗಳಿರುವುದು ಥಾಯ್ಲೆಂಡಿನಲ್ಲಿ. ಭಾರತದ ಹೈಲಕ್ಸ್ ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಎಲ್ಲಿಂದ ಬಂದರೂ ಬೆಲೆಯ ಕಾಲುಭಾಗ ಸುಂಕ ಕಟ್ಟಿ ಇಲ್ಲಿಯ ಪಿಕಪ್‌ಗಳ ಜೊತೆ ಪೈಪೋಟಿ ಮಾಡಲು ಸಾಧ್ಯವಿಲ್ಲ.

ಬಹಳ ಜನ ಇಲ್ಲಿಗೆ ವಿವರಣೆ ನಿಲ್ಲಿಸಿಬಿಡುತ್ತಾರೆ. ಅದು ಸಾಲದು. ಟೊಯೋಟಾ ಟಕೋಮಾ ತಯಾರಾಗುವುದು ಮೆಕ್ಸಿಕೊದಲ್ಲಿ, ವ್ಯಾಪಾರ ಒಪ್ಪಂದದ ಒಳಗೆ ಅದಕ್ಕೆ ಕೋಳಿ ಸುಂಕ ಬೀಳುವುದಿಲ್ಲ. ಅದರೊಳಗೆ ಹೈಲಕ್ಸ್‌ನ ಡೀಸೆಲ್ ಎಂಜಿನ್ ಇಡಲು ಟೊಯೋಟಾಗೆ ಯಾವ ಸುಂಕವೂ ಅಡ್ಡಿ ಇರಲಿಲ್ಲ. ಕೊಲರಾಡೊಗೆ ಬಂದ 2.8 ಡೀಸೆಲ್ ಎಂಜಿನ್ ಥಾಯ್ಲೆಂಡಿನಿಂದಲೇ ಬರುತ್ತಿತ್ತು. ಅಂದರೆ ಎಂಜಿನ್ ಬರಬಹುದು, ಆದರೂ ಬರುತ್ತಿಲ್ಲ. ಕಾರಣ ಹೊಗೆಕೊಳವೆಯಲ್ಲಿದೆ.

ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಎಳೆದುಕೊಂಡು ಉರಿಸುತ್ತದೆ. ಅದರ ಉಳಿತಾಯದ ಗುಟ್ಟೂ ಅದೇ, ತೊಂದರೆಯೂ ಅದೇ. ಹೆಚ್ಚು ಬಿಸಿ, ಹೆಚ್ಚು ಆಮ್ಲಜನಕ ಸೇರಿದ ಕಡೆ ಗಾಳಿಯ ಸಾರಜನಕವೇ ಉರಿದು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಪೆಟ್ರೋಲ್ ಎಂಜಿನ್ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಲೆಕ್ಕದಲ್ಲಿ ಉರಿಯುವುದರಿಂದ ಒಂದೇ ಡಬ್ಬಿಯ ತ್ರೀ-ವೇ ಕ್ಯಾಟಲಿಸ್ಟ್ ಕಾರ್ಬನ್ ಮಾನಾಕ್ಸೈಡ್, ಉರಿಯದ ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಈ ಮೂರೂ ವಿಷಗಳನ್ನು ತೊಳೆದುಬಿಡುತ್ತದೆ. ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಉಳಿದಿರುವುದರಿಂದ ಆ ಡಬ್ಬಿ ಅಲ್ಲಿ ನೈಟ್ರೋಜನ್ ಆಕ್ಸೈಡನ್ನು ಒಡೆಯಲಾರದು. ಹೊಗೆಯ ಸ್ವಲ್ಪ ಭಾಗವನ್ನು ತಣಿಸಿ ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ಇಟ್ಟರೆ ನೈಟ್ರೋಜನ್ ಆಕ್ಸೈಡ್ ತಗ್ಗುತ್ತದೆ, ಮಸಿ ಹೆಚ್ಚುತ್ತದೆ. ಮಸಿಗೆ ಡಿಪಿಎಫ್ ಎಂಬ ಸೋಸುವ ಡಬ್ಬಿ ಬೇಕು. ಉಳಿದ ನೈಟ್ರೋಜನ್ ಆಕ್ಸೈಡಿಗೆ ಡಿಇಎಫ್ ಎಂಬ ಯೂರಿಯಾ ದ್ರಾವಣ ಚಿಮುಕಿಸುವ ಎಸ್‌ಸಿಆರ್ ಬೇಕು. ಇವುಗಳ ಜೊತೆಗೆ ಪಂಪು, ಹೀಟರ್, ನಾಲ್ಕಾರು ಸೆನ್ಸರ್.

ಇಲ್ಲಿಯ ನಿಯಮದ ಬಿಗಿ ಎಷ್ಟೆಂದರೆ, 2000ದ ದಶಕದಲ್ಲಿ ಜಾರಿಯಾದ ಟಿಯರ್-2 ನಿಯಮದ ಪ್ರಕಾರ ಕಂಪನಿಯೊಂದರ ಗಾಡಿಗಳ ಸರಾಸರಿ ಮೈಲಿಗೆ 0.07 ಗ್ರಾಂ ನೈಟ್ರೋಜನ್ ಆಕ್ಸೈಡ್ ಮೀರಬಾರದು. ಕಿಲೋಮೀಟರಿಗೆ 0.044 ಗ್ರಾಂ. ಅದೇ ಕಾಲದ ಯೂರೋ-4 ಡೀಸೆಲ್ ಕಾರಿಗೆ 0.25 ಗ್ರಾಂ ಬಿಡಲು ಅವಕಾಶವಿತ್ತು, ಯೂರೋ-6ರಲ್ಲೂ 0.08. ಯುರೋಪು, ಭಾರತಗಳಲ್ಲಿ ಡೀಸೆಲ್‌ಗೆ ಪೆಟ್ರೋಲಿಗಿಂತ ಸಡಿಲ ಮಿತಿ ಉಂಟು. ಅಮೆರಿಕದಲ್ಲಿ ಎರಡಕ್ಕೂ ಒಂದೇ. ಆಮೇಲೆ ಬಂದ ಟಿಯರ್-3 ಇನ್ನೂ ಬಿಗಿ: ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಎರಡೂ ಸೇರಿ ಮೈಲಿಗೆ ಸರಾಸರಿ 0.03 ಗ್ರಾಂ. ಒಂದು ಡೀಸೆಲ್ ಮಾದರಿ ಇದಕ್ಕಿಂತ ಹೆಚ್ಚು ಬಿಟ್ಟರೆ, ಇದಕ್ಕಿಂತ ಕಡಿಮೆ ಬಿಡುವ ಬೇರೆ ಗಾಡಿಗಳನ್ನು ಅಷ್ಟೇ ಮಾರಿ ಸರಿದೂಗಿಸಬೇಕು.

ಈ ಸಲಕರಣೆಗಳ ಖರ್ಚು ಎಂಜಿನ್ ಚಿಕ್ಕದಾದಷ್ಟೂ ಇಳಿಯುವುದಿಲ್ಲ. 2 ಲೀಟರ್ ಎಂಜಿನ್ನಿಗೂ ಒಂದು ಡಿಪಿಎಫ್, ಒಂದು ಯೂರಿಯಾ ಟ್ಯಾಂಕ್, ಅಷ್ಟೇ ಸೆನ್ಸರ್ ಬೇಕು, 6.7 ಲೀಟರಿಗೂ ಬೇಕು. ಇದು ನಮಗೆ ಹೊಸ ಸಂಗತಿಯಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಮಾರುತಿ ಸ್ವಿಫ್ಟ್, ಡಿಜೈರ್‌ಗಳ ಡೀಸೆಲ್ ನಿಂತುಹೋಯಿತಲ್ಲ, ಅದೇ ಲೆಕ್ಕ. ಸಣ್ಣ ಗಾಡಿಯ ಬೆಲೆಗೆ ಈ ಖರ್ಚು ಹೊರುವ ಶಕ್ತಿ ಇಲ್ಲ. ಅಮೆರಿಕದಲ್ಲಿ ಅದು ಹತ್ತು ವರ್ಷ ಮೊದಲೇ ಆಯಿತು. ದೊಡ್ಡ ಫೋರ್ಡ್ ಎಫ್-250, ರ‍್ಯಾಮ್ 2500 ಗಾಡಿಗಳಲ್ಲಿ ಡೀಸೆಲ್ ಇಂದಿಗೂ ಧಾರಾಳವಾಗಿ ಸಿಗುವುದೂ ಇದೇ ಕಾರಣಕ್ಕೆ. ಭಾರ ಸೇರಿ 8,500 ಪೌಂಡ್ ಮೀರಿದ ಆ ವರ್ಗಕ್ಕೆ ನಿಯಮವೇ ಬೇರೆ, ಕಿಟಕಿಗೆ ಮೈಲೇಜ್ ಚೀಟಿ ಅಂಟಿಸುವ ಕಡ್ಡಾಯವೂ ಇಲ್ಲ. ಭಾರ ಎಳೆಯಲೇಬೇಕಾದ ಗಿರಾಕಿ ಸಾವಿರಾರು ಡಾಲರ್ ಹೆಚ್ಚಿಗೆ ಕೊಡಲು ತಯಾರಿರುತ್ತಾನೆ.

ಇಂಧನ ಉಳಿತಾಯದ ಸರಕಾರಿ ನಿಯಮವೂ ಸಣ್ಣ ಡೀಸೆಲ್‌ಗೆ ನೆರವಾಗಲಿಲ್ಲ. ನಾಲ್ಕು ಚಕ್ರಗಳ ನಡುವಿನ ಆಯತ ಎಷ್ಟು ದೊಡ್ಡದೋ ಅಷ್ಟು ಸಡಿಲ ಗುರಿ ಎಂಬುದು ಈಗಿನ ಪದ್ಧತಿ. ಸಣ್ಣ ಪಿಕಪ್‌ಗೆ ಗುರಿ ಬಿಗಿ, ದೊಡ್ಡದಕ್ಕೆ ಸಡಿಲ. ಕಂಪನಿಗಳು ಗಾಡಿಯನ್ನು ದೊಡ್ಡದು ಮಾಡುತ್ತ ಹೋದವು. ಇಂಗಾಲದ ಲೆಕ್ಕದಲ್ಲೂ ಡೀಸೆಲ್‌ಗೆ ಹಿನ್ನಡೆ: ಒಂದು ಗ್ಯಾಲನ್ ಪೆಟ್ರೋಲ್ ಉರಿದರೆ 8.9 ಕಿಲೊ ಇಂಗಾಲದ ಡೈಆಕ್ಸೈಡ್, ಡೀಸೆಲ್ ಉರಿದರೆ 10.2 ಕಿಲೊ. ಮೈಲೇಜಿನಲ್ಲಿ ಗಳಿಸಿದ ಮೊದಲ ಶೇ 15 ಅಲ್ಲೇ ವಜಾ. 2025ರಲ್ಲಿ ಮೈಲೇಜ್ ಗುರಿ ತಪ್ಪಿದರೆ ಕಟ್ಟಬೇಕಿದ್ದ ದಂಡವನ್ನು ಸೊನ್ನೆಗೆ ಇಳಿಸಿದ್ದಾರೆ. ಅದರಿಂದ ಸಣ್ಣ ಡೀಸೆಲ್ ಮರಳಿ ಬರುತ್ತದೆ ಎಂದು ಕಾಯಬೇಡಿ. ದೊಡ್ಡ ಪೆಟ್ರೋಲ್ ಎಂಜಿನ್ನಿಗಷ್ಟೇ ಅದರ ಲಾಭ.

ಇಲ್ಲಿ ಇವು ಎಂದೂ ಇರಲಿಲ್ಲ ಅನ್ನುವುದೂ ತಪ್ಪು. 1980ರ ಆಸುಪಾಸಿನಲ್ಲಿ ಪೆನ್ಸಿಲ್ವೇನಿಯಾದಲ್ಲೇ ತಯಾರಾದ ಫೋಕ್ಸ್‌ವ್ಯಾಗನ್ ರ‍್ಯಾಬಿಟ್ ಪಿಕಪ್, ಟೊಯೋಟಾ 2.2, ಇಸುಜು, ನಿಸಾನ್ 720, ಫೋರ್ಡ್ ರೇಂಜರ್ ಎಲ್ಲವೂ ಡೀಸೆಲ್‌ನಲ್ಲಿ ಸಿಗುತ್ತಿದ್ದವು. 1986ರ ಹೊತ್ತಿಗೆ ಪೆಟ್ರೋಲ್ ಅಗ್ಗವಾಯಿತು, ಗಿರಾಕಿ ಹೋದ. ಜನರಲ್ ಮೋಟರ್ಸ್‌ನ 5.7 ಲೀಟರ್ ಓಲ್ಡ್ಸ್‌ಮೊಬೀಲ್ ಡೀಸೆಲ್ ಅಷ್ಟರಲ್ಲಿ ಹೆಸರು ಕೆಡಿಸಿತ್ತು. 22.5ಕ್ಕೆ ಒಂದರಷ್ಟು ಒತ್ತುವ ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನ ಹೆಡ್ ಬೋಲ್ಟ್‌ಗಳ ವಿನ್ಯಾಸವನ್ನೇ ಉಳಿಸಿದ್ದರು, ಡೀಸೆಲ್‌ನಿಂದ ನೀರು ಬೇರ್ಪಡಿಸುವ ಫಿಲ್ಟರೂ ಇರಲಿಲ್ಲ. ಬೋಲ್ಟ್ ಹಿಗ್ಗಿ ಗ್ಯಾಸ್ಕೆಟ್ ಹೋಗುತ್ತಿತ್ತು, ಪಂಪು ತುಕ್ಕು ಹಿಡಿಯುತ್ತಿತ್ತು.

ಎರಡನೆಯ ಪೆಟ್ಟು 2015ರ ಸೆಪ್ಟೆಂಬರ್‌ನಲ್ಲಿ. ಫೋಕ್ಸ್‌ವ್ಯಾಗನ್ ಕಾರುಗಳು ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತೊಳೆದು, ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡ್ ಬಿಡುತ್ತಿದ್ದದ್ದು ಹೊರಬಂತು. ಅದಕ್ಕೆ ಕಾರಣವಾದ ರಸ್ತೆ ಪರೀಕ್ಷೆ ನಡೆಸಿದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಹೇಮಂತ್ ಕಪ್ಪಣ್ಣ, ಅರವಿಂದ್ ತಿರುವೆಂಗಡಂ ಎಂಬ ಭಾರತೀಯ ಸಂಶೋಧಕರಿದ್ದರು. ಆಮೇಲೆ ಇಪಿಎ ಪ್ರತಿ ಡೀಸೆಲ್ ಮಾದರಿಯನ್ನೂ ಕೆದಕಿ ನೋಡತೊಡಗಿತು. 2014–16ರ ರ‍್ಯಾಮ್ ಇಕೋಡೀಸೆಲ್ ಕೂಡ ಸಿಕ್ಕಿಬಿದ್ದು, 2019ರಲ್ಲಿ ಸುಮಾರು 80 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಫೋರ್ಡ್ ತನ್ನ ಎಫ್-150ರ 3.0 ಡೀಸೆಲ್ಲನ್ನು 2021ರಲ್ಲಿ ನಿಲ್ಲಿಸಿತು, ಕೊಲರಾಡೊ ಡೀಸೆಲ್ 2022ಕ್ಕೆ ಮುಗಿಯಿತು, ಇಕೋಡೀಸೆಲ್ 2023ಕ್ಕೆ. ಅರ್ಧ ಟನ್ ವರ್ಗ ಎನ್ನುವ, ಸಿಲ್ವರಾಡೊ, ಎಫ್-150 ಅಳತೆಯ ಪಿಕಪ್‌ಗಳಲ್ಲಿ ಉಳಿದದ್ದು ಜನರಲ್ ಮೋಟರ್ಸ್‌ನ 3.0 ಲೀಟರ್ ಸ್ಟ್ರೇಟ್-ಸಿಕ್ಸ್ ಡ್ಯೂರಾಮ್ಯಾಕ್ಸ್.

ಬಂಕಿನ ಲೆಕ್ಕ

ಅಮೆರಿಕದ ಕೇಂದ್ರ ತೆರಿಗೆ ಪೆಟ್ರೋಲ್ ಗ್ಯಾಲನ್‌ಗೆ 18.4 ಸೆಂಟ್, ಡೀಸೆಲ್‌ಗೆ 24.4. ಯುರೋಪಿನ ಹಲವು ದೇಶಗಳಲ್ಲಿ ಇದು ತಿರುವುಮುರುವು. ಅಲ್ಲಿ ಡೀಸೆಲ್ ಹರಡಿದ್ದೇ ತೆರಿಗೆ ಕಡಿಮೆ ಇದ್ದದ್ದರಿಂದ. ನಿಮ್ಮದೇ ಲೆಕ್ಕ ಹಾಕೋಣ. ಪೆಟ್ರೋಲ್ 3.10 ಡಾಲರ್, ಡೀಸೆಲ್ 3.75 ಎಂದಿಟ್ಟುಕೊಳ್ಳಿ, ನಿಮ್ಮ ಬಂಕಿನ ದರ ಬೇರೆಯಾದರೆ ಅದನ್ನೇ ಹಾಕಿ. 12,000 ಮೈಲಿಗೆ 18ರ ಮೈಲೇಜಿನಲ್ಲಿ 667 ಗ್ಯಾಲನ್ ಪೆಟ್ರೋಲ್, 2,067 ಡಾಲರ್. ಗ್ಯಾಲನ್‌ಗೆ 25 ಮೈಲಿ ಕೊಡುವ ಡೀಸೆಲ್‌ನಲ್ಲಿ 480 ಗ್ಯಾಲನ್, 1,800 ಡಾಲರ್. ಉಳಿತಾಯ ವರ್ಷಕ್ಕೆ 267. ಅದರಲ್ಲಿ ಹತ್ತು–ಹದಿನೈದು ಗ್ಯಾಲನ್ ಡಿಇಎಫ್, ಡೀಸೆಲ್ ಫಿಲ್ಟರ್ ಕಳೆದರೆ ಇನ್ನೂರರ ಒಳಗೆ ಬರುತ್ತದೆ. ಒಂದು ನೈಟ್ರೋಜನ್ ಆಕ್ಸೈಡ್ ಸೆನ್ಸರ್ ಕೆಟ್ಟರೆ ಎರಡು ಮೂರು ವರ್ಷದ ಉಳಿತಾಯ ಹೋಯಿತು, ಡಿಪಿಎಫ್ ಕೆಟ್ಟರೆ ಹತ್ತು ವರ್ಷದ್ದು.

ಎರಡು ಗಾಡಿ ತೂಗಿ ನೋಡಲು ಸುಲಭದ ದಾರಿ ಒಂದಿದೆ. ಡೀಸೆಲ್ ಮೈಲೇಜನ್ನು ಪೆಟ್ರೋಲ್ ಮೈಲೇಜಿನಿಂದ ಭಾಗಿಸಿ. 25 ಭಾಗ 18, ಅಂದರೆ 1.39. ಪೆಟ್ರೋಲ್ ಬೆಲೆಯ 1.39 ಪಟ್ಟು ಎಷ್ಟೋ, ಅಂದರೆ ಈ ಲೆಕ್ಕದಲ್ಲಿ 4.30 ಡಾಲರ್, ಡೀಸೆಲ್ ಅದನ್ನು ಮುಟ್ಟಿದ ದಿನ ಇಂಧನದಲ್ಲಿ ಉಳಿತಾಯ ಶೂನ್ಯ. ವರ್ಷಕ್ಕೆ 25–30 ಸಾವಿರ ಮೈಲಿ ಹೆದ್ದಾರಿಯಲ್ಲಿ ಭಾರ ಎಳೆಯುವವರಿಗೆ ಈ ಲೆಕ್ಕ ಪೂರ್ತಿ ಬೇರೆ. ಟ್ರೇಲರ್ ಕಟ್ಟಿದಾಗ ಪೆಟ್ರೋಲಿನ ಮೈಲೇಜ್ ಕುಸಿಯುವಷ್ಟು ಡೀಸೆಲ್‌ನದು ಕುಸಿಯುವುದಿಲ್ಲ. ಅವರಿಗೆ ಡೀಸೆಲ್ ಸರಿ.

ಆ 9 ಮೈಲಿ

ಡಿಪಿಎಫ್ ಮಸಿ ತುಂಬಿದಾಗ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುತ್ತದೆ. ಅದಕ್ಕೆ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆ ಬಿಸಿ ತರಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತದೆ, ಹೆದ್ದಾರಿಯ ಒಂದೇ ವೇಗದಲ್ಲಿ ಹದಿನೈದು ನಿಮಿಷದಿಂದ ಅರ್ಧ ಗಂಟೆ ಓಡಬೇಕು. ಒಹಾಯೊದ ಜನವರಿಯಲ್ಲಿ ನಿಮ್ಮ 9 ಮೈಲಿಯ ಅರ್ಧ ದಾರಿ ಎಂಜಿನ್ ಬೆಚ್ಚಗಾಗಲಿಕ್ಕೇ ಬೇಕು. ಸುಡುವುದು ಶುರುವಾಗುವಷ್ಟರಲ್ಲಿ ನೀವು ಪಾರ್ಕಿಂಗ್ ಸೇರಿ ಕೀಲಿ ತಿರುಗಿಸಿರುತ್ತೀರಿ. ಅರ್ಧಕ್ಕೆ ನಿಂತ ಪ್ರತಿ ಸಲವೂ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುವ ಬದಲು ಮೇಲಿನ ಗೆರೆ ದಾಟಿ ಏರಿದ್ದರೆ, ಮೂಗಿಗೆ ಹಿಡಿದಾಗ ಡೀಸೆಲ್ ವಾಸನೆ ಬಂದರೆ, ಆಗಿರುವುದು ಇದೇ. ತೆಳುವಾದ ಆಯಿಲ್‌ನಿಂದ ಬೇರಿಂಗ್ ಸವೆಯುತ್ತದೆ. ನಿಂತಲ್ಲಿ ಎಂಜಿನ್ ಎಂದಿಗಿಂತ ಸ್ವಲ್ಪ ಜೋರಾಗಿ ಓಡುತ್ತಿದ್ದರೆ, ಕೆಳಗಿನಿಂದ ಕಾದ ಕಬ್ಬಿಣದ ವಾಸನೆ ಬರುತ್ತಿದ್ದರೆ ಡಿಪಿಎಫ್ ಸುಡುತ್ತಿದೆ ಎಂದರ್ಥ. ಆಗ ಆಫ್ ಮಾಡದೆ ಇನ್ನೊಂದು ಸುತ್ತು ಹೆದ್ದಾರಿಗೆ ಹೋಗಿ ಬರಬೇಕು.

ಡಿಇಎಫ್‌ನದು ಬೇರೆ ಜಾಗ್ರತೆ. ಅದು ಶೇ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಟ್ಯಾಂಕಿನಲ್ಲಿ ಹೀಟರ್ ಇರುವುದರಿಂದ ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ನೀಲಿ ಮುಚ್ಚಳದ ಆ ಟ್ಯಾಂಕಿಗೆ ತಪ್ಪಿ ಡೀಸೆಲ್ ಹಾಕುವುದಕ್ಕೆ. ಟ್ಯಾಂಕು, ಪಂಪು, ಇಂಜೆಕ್ಟರ್ ಅಷ್ಟೂ ಬದಲಿಸಬೇಕಾಗಿ ಬರುತ್ತದೆ. ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿದ್ದರೂ ಹಾಗೆಯೇ, ಕೀಲಿ ತಿರುಗಿಸದೆ ಟೋ ಮಾಡಿಸಿ ಟ್ಯಾಂಕ್ ಖಾಲಿ ಮಾಡಿಸಿ. ಇಲ್ಲಿ ಡೀಸೆಲ್ ನಳಿಕೆ ಸಾಮಾನ್ಯವಾಗಿ ಹಸಿರು, ಆದರೆ ಬಿಪಿ ಬಂಕಿನಲ್ಲಿ ಪೆಟ್ರೋಲ್ ನಳಿಕೆಯೂ ಹಸಿರೇ. ಬಣ್ಣ ನಂಬದೆ ಅಕ್ಷರ ಓದಿ.

ತರಿಸುವ ದಾರಿ

ಹೊಸ ಹೈಲಕ್ಸ್ ತರಿಸಲು ದಾರಿಯೇ ಇಲ್ಲ ಅಂದುಕೊಳ್ಳಿ. ತಯಾರಾಗಿ 25 ವರ್ಷ ತುಂಬಿದ ಗಾಡಿಗೆ ಮಾತ್ರ ಸುರಕ್ಷತಾ ನಿಯಮದಿಂದ ವಿನಾಯಿತಿ. ವರ್ಷವಲ್ಲ, ತಿಂಗಳು ಲೆಕ್ಕ: 2001ರ ಜೂನ್‌ನಲ್ಲಿ ತಯಾರಾದದ್ದು 2026ರ ಜೂನ್‌ಗೆ. ಇಪಿಎ ಕಡೆಯಿಂದ 21 ವರ್ಷ ಸಾಕು, ಆದರೆ ಎಂಜಿನ್ ಮೂಲದಲ್ಲಿ ಇದ್ದ ಹಾಗೇ ಇರಬೇಕು. ಎಚ್‌ಎಸ್-7 ಮತ್ತು 3520-1 ಎಂಬ ಎರಡು ಫಾರಂ ತುಂಬಬೇಕು. ಕೋಳಿ ಸುಂಕ ಹಳೆಯ ಪಿಕಪ್‌ಗೂ ಬಿಡುವುದಿಲ್ಲ, ಬೆಲೆಯ ಶೇ 25 ಕಟ್ಟಲೇಬೇಕು. 25 ವರ್ಷ ದಾಟಿದ್ದಕ್ಕೆ 2025ರ ಹೆಚ್ಚುವರಿ ಸುಂಕ ಮಾತ್ರ ಇಲ್ಲ. ಕೈಗೆ ಸಿಗುವುದು ಬಲಗಡೆ ಸ್ಟೀರಿಂಗ್‌ನ, ಟರ್ಬೊ ಇಲ್ಲದ 3.0 ಲೀಟರಿನ, ನೂರರ ಒಳಗಿನ ಅಶ್ವಶಕ್ತಿಯ ಗಾಡಿ ಇರಬಹುದು. ತೋಟದ ಕೆಲಸಕ್ಕೆ ಸುಖ, ಟ್ರೇಲರ್ ಕಟ್ಟಿಕೊಂಡು ಇಂಟರ್‌ಸ್ಟೇಟ್ ಸೇರುವುದಕ್ಕೆ ಅಪಾಯ. ತಂದರೆ ಮೊದಲ ದಿನವೇ ಟೈಮಿಂಗ್ ಬೆಲ್ಟ್ ಬದಲಿಸಿ, ಚಾಸಿಗೆ ಸುತ್ತಿಗೆ ತಟ್ಟಿ ತುಕ್ಕು ನೋಡಿ. ಹಣ ಕಳಿಸುವ ಮೊದಲು ಒಹಾಯೊದ ವಾಹನ ನೋಂದಣಿ ಇಲಾಖೆಯಾದ ಬಿಎಂವಿ ಕಚೇರಿಯಲ್ಲಿ ನೋಂದಣಿ ವಿಚಾರಿಸಿ.

ಡಿಲೀಟ್ ಗಾಡಿಯ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಬೇಡ. ಡಿಪಿಎಫ್, ಎಸ್‌ಸಿಆರ್ ಕಿತ್ತು ಎಂಜಿನ್ ಕಂಪ್ಯೂಟರ್ ತಿದ್ದಿದ ಗಾಡಿ ಅದು. ಕ್ಲೀನ್ ಏರ್ ಕಾಯ್ದೆಗೆ ವಿರುದ್ಧ. ಒಹಾಯೊದ ಇ-ಚೆಕ್ ಎಂಬ ಹೊಗೆ ತಪಾಸಣೆ ಇರುವುದು ಕ್ಲೀವ್‌ಲ್ಯಾಂಡ್–ಅಕ್ರನ್ ಕಡೆಯ ಏಳು ಕೌಂಟಿಗಳಲ್ಲಿ ಮಾತ್ರ, ಕೊಲಂಬಸ್‌ನಲ್ಲಿಲ್ಲ. ಡೀಲರ್ ಧೈರ್ಯವಾಗಿ ತೋರಿಸಿರುವುದು ಅದಕ್ಕೇ ಇರಬೇಕು. ತಪಾಸಣೆ ಇಲ್ಲದ ಮಾತ್ರಕ್ಕೆ ಅದು ಕಾನೂನಿನೊಳಗೆ ಬರುವುದಿಲ್ಲ. ಮುಂದೆ ನೀವು ಮಾರುವಾಗ ಒಳ್ಳೆಯ ಡೀಲರ್ ಮುಟ್ಟುವುದಿಲ್ಲ, ಮತ್ತೆ ಜೋಡಿಸಲು ಸಾವಿರಾರು ಡಾಲರ್. ಇಪಿಎ 2020ರಲ್ಲಿ ಅಂದಾಜಿಸಿದಂತೆ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳನ್ನು ಹೀಗೆ ಕೆಡಿಸಲಾಗಿತ್ತು. ಅವುಗಳ ಹೆಚ್ಚುವರಿ ಹೊಗೆ, ಕೆಡಿಸದ ಡೀಸೆಲ್ ಪಿಕಪ್‌ಗಳನ್ನು ಇನ್ನೂ 90 ಲಕ್ಷ ರಸ್ತೆಗೆ ಬಿಟ್ಟದ್ದಕ್ಕೆ ಸಮ. ಶಾಲೆಯ ಮುಂದೆ ನಿಂತ ಮಕ್ಕಳು ಉಸಿರಾಡುವುದು ಅದನ್ನೇ.

ಇನ್ನು ನೀವು ಕೇಳಿದ ಮೂರು. ಇಕೋಡೀಸೆಲ್ ನನ್ನ ಪಟ್ಟಿಯಲ್ಲಿ ಕೊನೆಯದು. ಮೊದಲ ವರ್ಷಗಳ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಬೇರಿಂಗ್ ಹೋದ ಪ್ರಕರಣಗಳಿವೆ. ಮೊದಲು ಹೇಳಿದ್ದ 5ಡಬ್ಲ್ಯು-30 ಆಯಿಲನ್ನು ಕಂಪನಿ ಆಮೇಲೆ 5ಡಬ್ಲ್ಯು-40ಕ್ಕೆ ಬದಲಿಸಿತು. ಇಜಿಆರ್ ಕೂಲರ್‌ಗೂ, ಹೈ ಪ್ರೆಶರ್ ಪಂಪಿಗೂ ರಿಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆಸುವುದು, ಬಂದಿದೆ. ಪಂಪಿನ ವಿಷಯದಲ್ಲಿ ಒಂದು ಮಾತು: ಡೀಸೆಲ್‌ನ ಜಾರುಗುಣವನ್ನು ಲೋಹದ ಸವೆತದ ಗುರುತಿನಿಂದ ಅಳೆಯುತ್ತಾರೆ. ಯುರೋಪಿನ ಡೀಸೆಲ್‌ಗೆ ಅದು 460 ಮೈಕ್ರಾನ್ ಮೀರುವಂತಿಲ್ಲ, ಅಮೆರಿಕದಲ್ಲಿ 520ರವರೆಗೆ ಒಪ್ಪುತ್ತಾರೆ. ಡೀಸೆಲ್ಲೇ ಎಣ್ಣೆಯ ಕೆಲಸವನ್ನೂ ಮಾಡಬೇಕಾದ ಪಂಪಿಗೆ ಈ ವ್ಯತ್ಯಾಸ ತಟ್ಟುತ್ತದೆ. ಪಂಪು ಸವೆದು ಲೋಹದ ಪುಡಿ ಉದುರಿದರೆ ಇಂಜೆಕ್ಟರ್‌ವರೆಗೆ ಎಲ್ಲವೂ ಹೋಗುತ್ತದೆ. ಯಾವ ಡೀಸೆಲ್ ಕೊಂಡರೂ ವ್ಯಾಪಾರ ಜೋರಾಗಿರುವ ಬಂಕಿನಲ್ಲಿ ತುಂಬಿಸಿ, ಕಾಲು ಟ್ಯಾಂಕಿಗಿಂತ ಕೆಳಗಿಳಿಸಬೇಡಿ, ಫಿಲ್ಟರ್ ಮುಂದೂಡಬೇಡಿ.

ಕೊಲರಾಡೊ 2.8 ನಿಮ್ಮ ಟ್ರ್ಯಾಕ್ಟರ್‌ಗೆ ಸಾಕು, 7,700 ಪೌಂಡ್‌ವರೆಗೆ ಎಳೆಯುತ್ತದೆ. 2016ರ ಎರಡು ಚಕ್ರ ಚಾಲನೆಯ ಗಾಡಿಗೆ ಹೆದ್ದಾರಿಯಲ್ಲಿ 31 ಮೈಲಿ, ಲೀಟರಿಗೆ 13 ಕಿ.ಮೀ.; ನಿಮ್ಮ ಚಿಕ್ಕಪ್ಪನ ಲೆಕ್ಕಕ್ಕೆ ಹತ್ತಿರವೇ ಬಂತು. 1,50,000 ಮೈಲಿಗೆ ಟೈಮಿಂಗ್ ಬೆಲ್ಟ್ ಬದಲಿಸಬೇಕು. ನಿಧಾನವಾಗಿ ವೇಗ ಏರಿಸುವಾಗ ಒರಟು ರಸ್ತೆಯ ಮೇಲೆ ಹೋದಂತೆ ನಡುಗಿದರೆ ಎಂಜಿನ್ನಿಗೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರ್ ತೊಂದರೆ. ಮೂರರಲ್ಲಿ ಗಟ್ಟಿ ಅನಿಸುವುದು 3.0 ಡ್ಯೂರಾಮ್ಯಾಕ್ಸ್. ಆದರೆ 2020–22ರ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಓಡಿಸುವ ಬೆಲ್ಟು ಎಂಜಿನ್ನಿನ ಹಿಂಭಾಗದಲ್ಲಿದೆ, ಅದನ್ನೂ 1,50,000 ಮೈಲಿಗೆ ಬದಲಿಸಬೇಕು, ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. 1,10,000 ಓಡಿದ ಗಾಡಿ ಕೊಳ್ಳುವುದಾದರೆ ಆ ಖರ್ಚನ್ನು ಈಗಲೇ ಬೆಲೆಯಲ್ಲಿ ಕಳೆಯಿರಿ. ಆಯಿಲ್ 7 ಕ್ವಾರ್ಟ್, ಡೆಕ್ಸೋಸ್-ಡಿ ಗುರುತಿನ 0ಡಬ್ಲ್ಯು-20 ಮಾತ್ರ. ಬೇರೆ ಆಯಿಲ್‌ನ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ, ಮಸಿಯಂತೆ ಅದು ಸುಟ್ಟು ಹೋಗುವುದಿಲ್ಲ.

ನನ್ನ ಸಲಹೆ: ಈಗಿನ ವಿ8 ಚೆನ್ನಾಗಿದ್ದರೆ ಮಾರಬೇಡಿ. ಬದಲಿಸಲೇಬೇಕಾದರೆ ಟ್ರ್ಯಾಕ್ಟರ್ ಮತ್ತು ಟ್ರೇಲರನ್ನು ಒಟ್ಟಿಗೆ ತೂಗಿಸಿ. 4,000 ಪೌಂಡ್ ಒಳಗಿದ್ದರೆ ಟೋ ಪ್ಯಾಕೇಜ್ ಇರುವ 2025ರ ಅಥವಾ ಈಚಿನ ನಾಲ್ಕು ಚಕ್ರ ಚಾಲನೆಯ ಫೋರ್ಡ್ ಮ್ಯಾವರಿಕ್ ಹೈಬ್ರಿಡ್ ನೋಡಿ. ಡೀಸೆಲ್ ಬಿಟ್ಟುಹೋದ ಜಾಗಕ್ಕೆ ಇಲ್ಲಿ ಬಂದಿರುವುದು ಹೈಬ್ರಿಡ್‌ಗಳೇ, ಅವು 9 ಮೈಲಿಯ ಊರೊಳಗಿನ ಓಟದಲ್ಲೇ ಹೆಚ್ಚು ಉಳಿಸುತ್ತವೆ. ಭಾರ ಅದಕ್ಕಿಂತ ಹೆಚ್ಚಿದ್ದು, ವಾರಕ್ಕೊಮ್ಮೆ ತಪ್ಪದೆ 40 ನಿಮಿಷ ಹೆದ್ದಾರಿಯಲ್ಲಿ ಓಡಿಸುತ್ತೇನೆ ಎನ್ನುವುದಾದರೆ 3.0 ಡ್ಯೂರಾಮ್ಯಾಕ್ಸ್ ಕೊಳ್ಳಬಹುದು.

ನೋಡಲು ಹೋಗುವ ದಿನ ಎಂಜಿನ್ ಬೆಚ್ಚಗೆ ಮಾಡಿ ಇಡಬೇಡಿ ಎಂದು ಮೊದಲೇ ಹೇಳಿ, ಚಾಲೂ ಆಗಲು ಎಷ್ಟು ಹೊತ್ತು ತಿರುಗುತ್ತದೆ ಎಂದು ಗಮನಿಸಿ. ಅಕ್ಷರ, ಅಂಕಿ ಸೇರಿ 17 ಇರುವ ಗಾಡಿಯ ವಿನ್ ಗುರುತಿನ ಸಂಖ್ಯೆಯನ್ನು ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿದರೆ ಬಾಕಿ ಇರುವ ರಿಕಾಲ್ ಗೊತ್ತಾಗುತ್ತದೆ. ಡೀಸೆಲ್ ಓದಬಲ್ಲ ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ್ನು ಕರೆದೊಯ್ದು ಡಿಪಿಎಫ್‌ನ ಮಸಿ ಪ್ರಮಾಣ, ಕೊನೆಯ ಸಲ ಪೂರ್ತಿ ಸುಟ್ಟ ಮೇಲೆ ಓಡಿದ ಮೈಲಿ, ಅರ್ಧಕ್ಕೆ ನಿಂತ ಸಲಗಳ ಲೆಕ್ಕ ಓದಿಸಿ. ಎಂಜಿನ್ ಚಾಲೂ ಮಾಡುವ ಮೊದಲು, ಕೊಳವೆ ತಣ್ಣಗಿರುವಾಗ, ಬಿಳಿ ಟಿಶ್ಯೂ ಸುತ್ತಿದ ಬೆರಳನ್ನು ಹೊಗೆಕೊಳವೆಯ ಬಾಯೊಳಗೆ ಒಂದು ಸುತ್ತು ತಿರುಗಿಸಿ. ಡಿಪಿಎಫ್ ಸರಿ ಇರುವ ಗಾಡಿಯಲ್ಲಿ ಎಷ್ಟೇ ಮೈಲಿ ಓಡಿರಲಿ, ಟಿಶ್ಯೂ ಮೇಲೆ ಬೂದುಬಣ್ಣದ ದೂಳಷ್ಟೇ ಇರುತ್ತದೆ. ಅಡುಗೆಮನೆಯ ಸೌದೆ ಒಲೆಯ ಮೇಲಿನ ಗೋಡೆ ಒರೆಸಿದಂತೆ ಕಪ್ಪು ಮಸಿ ಹತ್ತಿದರೆ ಡಿಪಿಎಫ್ ಒಡೆದಿದೆ, ಇಲ್ಲವೇ ಒಳಗೆ ಏನೂ ಇಲ್ಲ. ಬೆಲೆ ಎಷ್ಟೇ ಇಳಿಸಿದರೂ ಆ ಗಾಡಿ ಕೊಳ್ಳಬೇಡಿ.